ಕೆಂಪು ಬೆರೆತ ಬೆಳ್ಳಿ

ಕಿನುಯೋಳ ಬೆರಳು ಗುಂಡಿಯ ಮೇಲಿತ್ತು. ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಹಿಂದಿನಿಂದ ಶಿಮೊದಾ, "ತಡೀರಿ ಅತ್ತಿಗೆ" ಎಂದ.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಗಂಡ ತೊಕುಜಿಯ ಶವಪೆಟ್ಟಿಗೆ ಉಕ್ಕಿನ ಬಾಗಿಲಿನ ಆಚೆ ಹೋಗಿ ಇನ್ನೂ ಅರೆಗಳಿಗೆಯೂ ಆಗಿರಲಿಲ್ಲ. ಶಿಜುವೊಕಾದ ಆ ಚಿತಾಗಾರದಲ್ಲಿ ಕುಲುಮೆಯ ಗುಂಡಿಯನ್ನು ಮನೆಯವರೇ ಒತ್ತಬೇಕು. ಬೆಳಗಿನಿಂದ ಅವಳು ಹೆದರಿದ್ದುದು ಅದಕ್ಕೇ.

"ಏನಾಯ್ತು ಮಾಮ?" ಮಗಳು ಚಿಹಾರು ಕೇಳಿದಳು.

ಶಿಮೊದಾ ತೊಕುಜಿಯ ಹಳೆಯ ಗೆಳೆಯ. ಪುಟ್ಟ ವಿಮಾನ, ಹಡಗುಗಳ ಪ್ಲಾಸ್ಟಿಕ್ ಮಾದರಿ ಮಾಡುವ ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದವನು. ಮುದುಕನ ಮುಖದಲ್ಲಿ ಈಗ ರಕ್ತವೇ ಇರಲಿಲ್ಲ.

"ಪೆಟ್ಟಿಗೆ ಒಳಗೆ, ಅವನ ಅಂಗಿಯ ಬಲತೋಳಿನಲ್ಲಿ ಒಂದು ಸೀಸೆ ಇಟ್ಟಿದೀನಿ ಕಣಮ್ಮ. ಅವನೇ ಕಲಸಿದ್ದ ಬೆಳ್ಳಿ ಬಣ್ಣ. ಭರ್ತಿ ಇದೆ."

ಬಿಳಿ ಕೈಗವಸಿನ ಸಿಬ್ಬಂದಿ ಮೆಲ್ಲಗೆ ಬಂದು ಗುಂಡಿಗೂ ಕಿನುಯೋಳಿಗೂ ನಡುವೆ ನಿಂತ. "ತಿನ್ನರ್ ಬೆರೆಸಿದ್ದಾ ಯಜಮಾನ್ರೇ?"

"ತಿನ್ನರ್ ಇಲ್ದೆ ಬಣ್ಣ ಎಲ್ಲಿಂದ ಬರುತ್ತೆ?"

"ಬೆಳಗ್ಗೆ ಕೇಳಿದ್ವಲ್ಲ. ಗಾಜು, ಡಬ್ಬಿ ಏನಾದ್ರೂ ಇದ್ರೆ ಹೇಳಿಬಿಡಿ ಅಂತ."

"ಕೇಳಿದ್ರಿ. ನಾನು ಗೋಡೆ ನೋಡ್ತಾ ನಿಂತಿದ್ದೆ."

"ಹಿಂದುಗಡೆ ಕಿಂಡಿಯಲ್ಲಿ ನಮ್ಮವನೊಬ್ಬ ಕಣ್ಣಿಟ್ಟು ನೋಡ್ತಾ ಇರ್ತಾನೆ" ಎಂದ ಸಿಬ್ಬಂದಿ. "ಸೀಸೆ ಸಿಡಿದ್ರೆ ಅವನ ಮುಖಕ್ಕೇ."

ಚಿಹಾರು ಶಿಮೊದಾನ ಕಡೆ ತಿರುಗಿದಳು. "ಅಪ್ಪನಿಗೆ ಬೆಂಕಿ ಅಂದ್ರೆ ಹೇಗಾಗ್ತಿತ್ತು ಅಂತ ನಿಮಗಿಂತ ಯಾರಿಗೆ ಗೊತ್ತು ಮಾಮ?"

"ಗೊತ್ತು. ಬರಿಗೈಲಿ ಹೋಗ್ತಿದಾನಲ್ಲ ಅನ್ನಿಸ್ತು. ಬುದ್ಧಿ ಕೆಟ್ಟಿತ್ತು."

* * *

ತೊಕುಜಿಯ ಅಂಗಡಿ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮಾದರಿಗಳ ಪೆಟ್ಟಿಗೆಗಳನ್ನು ದೊಡ್ಡ ಅಂಗಡಿಗಳವರು ಮಾರುತ್ತಿದ್ದರು. ಅವನಲ್ಲಿ ಸಿಗುತ್ತಿದ್ದದ್ದು ಅವನ್ನು ಕಟ್ಟಲು ಬೇಕಾದ ಸಾಮಾನು: ಬಿಡಿಭಾಗ ಕತ್ತರಿಸುವ ಇಕ್ಕಳ, ಅರ, ಚಿಮುಟ, ಉಪ್ಪುಕಾಗದ, ರೆಪ್ಪೆಗೂದಲಿನಂಥ ಕುಂಚ, ಅಂಟು, ಮತ್ತೆ ಗೋಡೆ ತುಂಬ ಬಣ್ಣದ ಸೀಸೆಗಳು. ಅಂಟು, ಬಣ್ಣ, ಅದನ್ನು ತೆಳುಮಾಡುವ ತಿನ್ನರ್ ಮೂರೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಂಥವು. ಬೆಂಕಿಗೆ ಇಷ್ಟು ಅಂಜುವವನು ಇದೇ ವ್ಯಾಪಾರ ಯಾಕೆ ಹಿಡಿದ ಎಂದು ಕೇಳಿದರೆ, "ಕೈಗೆಟುಕೋ ಹಾಗಿದ್ರೆ ಕಣ್ಣಿಟ್ಟಿರಬಹುದು" ಎನ್ನುತ್ತಿದ್ದ.

ತಿನ್ನರಿನ ಡಬ್ಬಿಗಳನ್ನು ಮರಳು ತುಂಬಿದ ತೊಟ್ಟಿಯಲ್ಲಿ ಕತ್ತಿನವರೆಗೆ ಹೂತಿಡುತ್ತಿದ್ದ. ಚಳಿಗಾಲದಲ್ಲೂ ಅಂಗಡಿಯಲ್ಲಿ ಒಲೆಯಿಲ್ಲ. ಗಿರಾಕಿಗಳು ಕೋಟು ಬಿಚ್ಚದೆ, ಮೂಗು ಸೊರಗುಟ್ಟಿಸುತ್ತ ಬಣ್ಣ ಆರಿಸಬೇಕು. ಹೊತ್ತಿಸದ ಸಿಗರೇಟು ಬೆರಳಲ್ಲಿ ಕಂಡರೂ ಅವನ ಮಾತು ನಿಂತುಹೋಗುತ್ತಿತ್ತು. "ತೊಕುಜಿ ಅಂಗಡಿಗೆ ಹೋಗೋದಾದ್ರೆ ಸಿಟ್ಟನ್ನೂ ಹೊರಗೇ ಬಿಟ್ಟು ಹೋಗ್ರಪ್ಪ" ಎಂದು ಶಿಮೊದಾ ಬೀದಿಯವರನ್ನೆಲ್ಲ ನಗಿಸುತ್ತಿದ್ದ.

ಒಂದು ದಿನ ಶಿಮೊದಾ, ಕಾರ್ಖಾನೆಯ ಪ್ರದರ್ಶನಕ್ಕೆಂದು ಕಟ್ಟಿದ ಬಾಂಬರ್ ವಿಮಾನದ ಹೊಟ್ಟೆಗೆ ಬೆಳ್ಳಿ ಬಣ್ಣ ಕಲಸಿಕೊಡು ಎಂದು ಕೇಳಿದ. ತೊಕುಜಿ ಬಹಳ ಹೊತ್ತು ಕಲಸಿದ. ಕೊನೆಗೆ ಕಡ್ಡಿಯ ತುದಿಯಿಂದ ಅದರೊಳಕ್ಕೆ ಒಂದು ಹನಿ ಕೆಂಪು ಬಿಟ್ಟ.

"ಅಯ್ಯೋ, ಹಾಳು ಮಾಡಿದೆಯಲ್ಲೋ."

"ಕೆಳಗಿಂದ ನೋಡಿದೋರಿಗೆ ಹೀಗೇ ಕಾಣ್ಸೋದು."

ಶಿಮೊದಾ ಆ ಬಣ್ಣವನ್ನು ಹಾಗೇ ಸೀಸೆಗೆ ತುಂಬಿಸಿಕೊಂಡ. ಯುದ್ಧದ ಕೊನೆಯ ಬೇಸಿಗೆಯಲ್ಲಿ ಇಂಥ ವಿಮಾನಗಳೇ ಬಾಂಬು ಹಾಕಿ ಊರು ಸುಟ್ಟಾಗ ತೊಕುಜಿಗೆ ಐದು ವರ್ಷ. ತಾಯಿ ಅವನನ್ನು ಕಂಕುಳಲ್ಲಿಟ್ಟುಕೊಂಡು ಹೊಳೆಗಿಳಿದಿದ್ದಳು. ಅಕ್ಕ ಹಿಂದೆಯೇ ಬರುತ್ತಿದ್ದಳು, ಹೊಳೆ ತಲುಪಲಿಲ್ಲ. ಅದರ ಬಗ್ಗೆ ಅವನು ಯಾರ ಹತ್ತಿರವಾದರೂ ಆಡಿದ ಮಾತು ಆ ಒಂದು ಹನಿ ಕೆಂಪು ಮಾತ್ರ.

* * *

ಪೆಟ್ಟಿಗೆಯನ್ನು ಹೊರಕ್ಕೆ ಎಳೆದರು. ನೆಂಟರು ಗೋಡೆಗೆ ಒತ್ತಿಕೊಂಡು ನಿಂತರು. ಮುಚ್ಚಿದ್ದನ್ನು ಮತ್ತೆ ತೆರೆಯುವುದು ಒಳ್ಳೆಯದಲ್ಲವೆಂದು ಯಾರೋ ಗೊಣಗಿದ್ದು ಕೇಳಿಸಿತು.

"ನೀವು ತೆಗೀತೀರೋ, ನಾನೇ ತೆಗೀಲೋ?" ಸಿಬ್ಬಂದಿ ಕೇಳಿದ.

"ನಾನೇ" ಎಂದಳು ಕಿನುಯೋ.

ಮುಚ್ಚಳ ಸರಿಸಿದಾಗ ಸೇವಂತಿಗೆಯ ವಾಸನೆಯ ಅಡಿಯಲ್ಲಿ ತಿನ್ನರಿನ ವಾಸನೆ ತೆಳುವಾಗಿ ಎದ್ದುಬಂತು. ಇಡೀ ಬಾಳು ಅವನ ಅಂಗಿಯಲ್ಲಿದ್ದ ವಾಸನೆ. ಸೀಸೆಯ ಮುಚ್ಚಳ ಸಡಿಲಾಗಿದೆಯೆಂದು ಅವಳಿಗೆ ತಕ್ಷಣ ತಿಳಿಯಿತು. ಶಿಮೊದಾ ಹೇಳಿದಂತೆ ಅಂಗಿಯ ಬಲತೋಳಿನಲ್ಲಿ ಅದು ಇರಲಿಲ್ಲ. ಹೂವಿನೊಳಗೆ ಕೈಯಿಟ್ಟು ತಡಕಿದಳು. ಮಂಜಿನಷ್ಟು ತಣ್ಣಗಿದ್ದ ಅವನ ಕೈ ಸಿಕ್ಕಿತು, ಮೊಣಕಾಲು ಸಿಕ್ಕಿತು, ಕೊನೆಗೆ ಗಾಜು.

"ಹೊರಗೆ ತಗೊಂಡು ಹೋಗಿ" ಎಂದು ಶಿಮೊದಾನ ಕೈಗೆ ಕೊಟ್ಟಳು. "ದೂರ."

ಅವನು ಅದನ್ನು ಮೊಟ್ಟೆಯಂತೆ ಎರಡು ಅಂಗೈಗಳ ನಡುವೆ ಹಿಡಿದು ಹೊರಟ. ಕಿನುಯೋ ಬಗ್ಗಿ ಗಂಡನ ಮುಖ ನೋಡಿದಳು. ತುಟಿ ಕೊಂಚ ತೆರೆದಿತ್ತು.

* * *

ಚಿಹಾರು ಎಳೆಗೂಸಾಗಿದ್ದ ಚಳಿಗಾಲ. ಮಗುವಿಗೆ ಜ್ವರ, ತುಟಿ ನೀಲಿಗಟ್ಟುವುದನ್ನು ನೋಡಲಾರದೆ ಕಿನುಯೋ ತವರಿನಿಂದ ಸೀಮೆಎಣ್ಣೆ ಒಲೆ ತಂದು ಹಿಂದಿನ ಕೋಣೆಯಲ್ಲಿ ಹಚ್ಚಿದಳು. ಗಂಡನಿಗೆ ಹೇಳಲಿಲ್ಲ. ಮುಂದೆ ಅಂಗಡಿಯಲ್ಲಿ ಅವನು ಬಣ್ಣ ಎರಚುವ ಗನ್ನನ್ನು ತಿನ್ನರಿನಲ್ಲಿ ತೊಳೆಯುತ್ತಿದ್ದ. ಕಾಣದ ಆವಿ ನೆಲ ಹಿಡಿದು ಒಳಗೆ ಹರಿಯಿತು. ಬಂದ ದಾರಿಯಲ್ಲೇ ಉರಿ ವಾಪಸು ಓಡಿತು, ಬೆಕ್ಕಿನ ಹಾಗೆ, ಸದ್ದಿಲ್ಲದೆ.

ಅವಳಿಗೆ ಕಂಡದ್ದು ಬಾಗಿಲು ದಾಟಿ ಓಡುತ್ತಿದ್ದ ಗಂಡನ ಬೆನ್ನು.

ಹೆಗಲಿಗೆ ಮಗುವನ್ನು ಅವಚಿಕೊಂಡು ಅವಳೇ ಒದ್ದೆ ಹಾಸಿಗೆ ಹೊದಿಸಿದಳು, ತೊಟ್ಟಿಯ ಮರಳನ್ನು ಬೊಗಸೆಯಲ್ಲಿ ಮೊಗೆದು ಚೆಲ್ಲಿದಳು. ಒಂದು ಗೋಡೆ ಕಪ್ಪಾಗಿ ಉರಿ ನಿಂತಿತು. ಹೊರಗೆ ಬಂದು ನೋಡಿದರೆ, ಬೀದಿಯಾಚೆ ಅವನು ವಿದ್ಯುತ್ ಕಂಬವನ್ನು ತಬ್ಬಿಕೊಂಡು ನಿಂತಿದ್ದ. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಅವಳು ಒಲೆಯ ಮಾತೆತ್ತಲಿಲ್ಲ, ಅವನು ಓಡಿದ ಮಾತೆತ್ತಲಿಲ್ಲ. ಸಂಸಾರ ನಡೆಯಿತು. ಮಗಳು ಬೆಳೆದು ಮದುವೆಯಾದಳು.

ಕಳೆದ ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಚಾವಣಿ ನೋಡುತ್ತ ಹೇಳಿದ: "ಕಿನು, ಅವತ್ತು ನಾನು ಓಡಿಬಿಟ್ಟೆ."

"ಒಲೆ ಹಚ್ಚಿದ್ದು ನಾನಲ್ವಾ."

"ನನ್ನ ಕುಲುಮೆ ಒಳಗೆ ತಳ್ಳಿದ ಮೇಲೆ ಎಲ್ಲಾರೂ ಊಟಕ್ಕೆ ಮೇಲೆ ಹೋಗ್ತಾರೆ. ನೀನು ಹೋಗಬೇಡ."

"ನನಗೂ ಹೆದರಿಕೆ ಕಣ್ರೀ."

"ಅದಕ್ಕೇ ನಿನ್ನ ಕೇಳ್ತಿರೋದು" ಎಂದ. "ಹೆದರದೇ ಇರೋರು ಬಂದು ನಿಂತ್ರೆ ನನಗೇನು ಸಿಕ್ಕಂಗಾಯ್ತು?"

* * *

ಬಾಗಿಲು ಮತ್ತೆ ಮುಚ್ಚಿತು.

"ಅಮ್ಮ, ನಾನು ಒತ್ತಲಾ?"

"ಬೇಡ."

ಕಿನುಯೋ ಕಣ್ಣು ಮುಚ್ಚದೆ ಒತ್ತಿದಳು. ಗೋಡೆಯ ಹಿಂದೆ ಮೊದಲು ಗಾಳಿ ಎದ್ದಂತೆ ಸದ್ದಾಯಿತು. ಆಮೇಲೆ ಅದು ದಪ್ಪಗಾಗುತ್ತ, ಅವಳ ಅಂಗಾಲಿನವರೆಗೆ ಇಳಿಯಿತು. ನೆಂಟರು ಕೈ ಮುಗಿದು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮೇಲೆ ಚಹಾ, ಊಟದ ಪೊಟ್ಟಣಗಳು ಕಾಯುತ್ತಿದ್ದವು.

ಸ್ವಲ್ಪ ಹೊತ್ತಿಗೆ ಚಿಹಾರು ಕೆಳಗಿಳಿದು ಬಂದಳು. "ಅಮ್ಮ, ಎಲ್ಲಾರೂ ನಿನಗೋಸ್ಕರ ಕಾಯ್ತಿದಾರೆ."

"ಊಟ ಮಾಡ್ಲಿ."

"ಮೂಳೆ ಎತ್ತೋಕೆ ಕರೀತಾರೆ, ಆಗ ಬರೋಣ. ಇಲ್ಲಿ ನಿಂತು ಏನು ಮಾಡ್ತೀಯ?"

"ಹೆದರ್ತಿದೀನಿ" ಎಂದಳು ಕಿನುಯೋ.

ಮಗಳು ತಾಯಿಯ ಮುಖ ನೋಡಿದಳು. ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಬಂದು ಪಕ್ಕದಲ್ಲಿ ನಿಂತಳು. ಕುಲುಮೆಯ ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಇಬ್ಬರೂ ಒಟ್ಟಿಗೆ ಬೆಚ್ಚಿದರು. ಚಿಹಾರುವಿನ ಉಗುರು ತಾಯಿಯ ತೋಳಿಗೆ ನೆಟ್ಟಿತು.

"ನಿಮ್ಮಪ್ಪ ಒಂದು ಸಲ ಓಡಿಹೋಗಿದ್ರು" ಎಂದಳು ಕಿನುಯೋ. "ನೀನು ಪುಟ್ಟ ಮಗು. ನಿನ್ನ ಸಲುವಾಗಿ ಒಲೆ ಹಚ್ಚಿದ್ದೆ."

"ಎಲ್ಲಿಗೆ ಓಡಿದ್ರು?"

"ಬೀದಿ ದಾಟಿ ಆಚೆಗೆ. ಅಲ್ಲಿಂದ ಮುಂದೆ ಹೋಗೋಕೆ ಅವರ ಕೈಲಾಗಲಿಲ್ಲ."

ಕಿನುಯೋ ಒಂದು ಹೆಜ್ಜೆ ಮುಂದಿಟ್ಟಳು. "ರೀ, ಇಲ್ಲೇ ಇದೀನಿ" ಎಂದಳು, ಪಕ್ಕದ ಕೋಣೆಯಲ್ಲಿರುವವರಿಗೆ ಹೇಳುವಷ್ಟು ಗಟ್ಟಿಯಾಗಿ. "ಚಿಹಾರುನೂ ಇದಾಳೆ." ಚರ್ಮ ಸುಟ್ಟೀತೆಂದು ಹಲ್ಲು ಕಚ್ಚಿಕೊಂಡು, ಅಂಗೈಯನ್ನು ಆ ಉಕ್ಕಿನ ಬಾಗಿಲ ಮೇಲೆ ಪೂರ್ತಿಯಾಗಿ ಊರಿದಳು.

ಬಾಗಿಲು ತಣ್ಣಗಿತ್ತು. ಅವಳು ಮಗಳ ಕೈ ಹಿಡಿದೆಳೆದು ಅದನ್ನೂ ಅಲ್ಲೇ ಇಟ್ಟಳು.