ಅತ್ತೆಯ ಮಾತಿಗೆ ಸಾಲದ ಗುಳ್ಳೆ

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಾತಾಡುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಗೀಚಮ್ಮನ ಸೋದರತ್ತೆಗೆ ಅದು ನೀರು ಕುಡಿದಷ್ಟು ಸಲೀಸು. ಹಗಲೆಲ್ಲ ದರ್ಜಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತು, ಮನೆಗೆ ಬಂದರೆ ಹೊಲಿಗೆ ಮಿಷಿನ್ನಿನ ಜೊತೆ ಮಾತು, ಮಿಷಿನ್ನು ಕೆಟ್ಟು ಕೂತರೆ ಗೋಡೆಯ ಜೊತೆ. "ಮಾತು ಬೆಳ್ಳಿ, ಮೌನ ಬಂಗಾರ ಕಣೇ" ಎಂದು ಗೀಚಮ್ಮನ ಅಪ್ಪ ತಂಗಿಗೆ ಹೇಳಿ ಹೇಳಿ ಸುಸ್ತಾಗಿದ್ದ. "ಬಂಗಾರ ಕೊಳ್ಳೋ ಯೋಗ್ಯತೆ ನಮಗೆಲ್ಲಿದೆ ಅಣ್ಣ, ನಾನು ಬೆಳ್ಳಿಯಲ್ಲೇ ಇರ್ತೀನಿ" ಎನ್ನುವುದು ಅವಳ ಸಿದ್ಧ ಉತ್ತರ.

ಗೀಚಮ್ಮ ಎಂದು ಹೆಸರಿಟ್ಟವಳೂ ಅವಳೇ. ಗೋಡೆ, ಪೇಪರು, ಅಳತೆಯ ಚೀಟಿ ಎನ್ನದೆ ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಈಗ ಬೆಳೆದು ದೊಡ್ಡವಳಾಗಿದ್ದ ಆ ಹುಡುಗಿ, ಯಾವ ಪ್ರಕಾಶಕರೂ ತಿರುಗಿ ನೋಡದ್ದರಿಂದ, ತನ್ನ ಮೊದಲ ಕಾಮಿಕ್ಸನ್ನು ತಾನೇ ಅಚ್ಚು ಹಾಕಿಸಿದ್ದಳು. ಹೆಸರು 'ಪಟಪಟಿ'. ಅದರ ತುಂಬ ಇದ್ದದ್ದು ಅತ್ತೆಯೇ. ಅವಳ ಪಿನ್ನು, ಅವಳ ಮಿಷಿನ್ನು, ಅವಳ ಬಾಯಿ, ಆ ಬಾಯಿಗೆ ಗೀಚಮ್ಮ ತುರುಕಿದ ಪೆದ್ದು ಪೆದ್ದು ಮಾತುಗಳು. ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಮನೆಯಲ್ಲಿ ತನ್ನ ಪರ ನಿಂತ ಒಂದೇ ಜೀವವನ್ನು ಊರಿನವರ ಮುಂದೆ ನಗೆಪಾಟಲು ಮಾಡುತ್ತಿದ್ದೇನೆ, ಗೊತ್ತಾದರೆ ಅವಳು ಮತ್ತೆ ತನ್ನ ಮುಖ ನೋಡುತ್ತಾಳೋ ಇಲ್ಲವೋ ಎಂಬ ಅಳುಕು ಇದ್ದೇ ಇತ್ತು. ಆದರೆ ಜೋಕು ಚೆನ್ನಾಗಿ ಬಂದಿತ್ತಲ್ಲ! ಚಿತ್ರಗಾರರಿಗೆ ಅಷ್ಟು ಸಾಕು, ಮಾನ ಮರ್ಯಾದೆ ಆಮೇಲಿನ ಮಾತು. "ಅದೇನೇ ಪುಸ್ತಕ?" ಎಂದು ಅತ್ತೆ ಕೇಳಿದಾಗಲೆಲ್ಲ "ಹುಡುಗರು ಓದೋಂಥದ್ದು, ನಿನಗಲ್ಲ" ಎಂದು ಜಾರಿಕೊಂಡಿದ್ದಳು.

ಪುಸ್ತಕ ತಾನೇ ಮಾಡಿದರೆ ಡಂಗುರವನ್ನೂ ತಾನೇ ಹೊಡೆದುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಚಿತ್ರ ಒಂದು ಪದರ, ಮಾತು ಅದರ ಮೇಲಿನ ಇನ್ನೊಂದು ಪದರ. ಬೇಡವೆಂದರೆ ಮರೆ ಮಾಡಬಹುದು. ಜೋಕುಗಳು ಮೊದಲೇ ಸೋರಿಹೋಗಬಾರದೆಂದು ಗೀಚಮ್ಮ ಮಾತನ್ನೆಲ್ಲ ಮರೆ ಮಾಡಿ, ಬರೀ ಚಿತ್ರಗಳನ್ನು ಫೋನಿನಲ್ಲಿ ಹಾಕುತ್ತಾ ಬಂದಳು. 'ಪಟಪಟಿ ಏನು ಹೇಳ್ತಿದಾಳೆ? ತಿಳ್ಕೊಳ್ಳೋಕೆ ಭಾನುವಾರ ಕಾಮಿಕ್ಸ್ ಮೇಳದಲ್ಲಿ ನನ್ನ ಟೇಬಲ್ಲಿಗೆ ಬನ್ನಿ!' ಜನ ಮೆಚ್ಚಿದರು, ಹಂಚಿಕೊಂಡರು. ಅದೇ ಅಮಲಿನಲ್ಲಿ ಫೈಲನ್ನು ಹಾಗೇ ಪ್ರೆಸ್ಸಿಗೆ ಕಳಿಸಿದಳು. ಪ್ರೆಸ್ಸಿನವನು ಪ್ರೂಫು ತೋರಿಸಿದಾಗ ಮುಖಪುಟದ ಕೆಂಪು ಸರಿಯಿದೆಯೇ ಎಂದಷ್ಟೇ ನೋಡಿ ಸೈ ಅಂದುಬಿಟ್ಟಳು.

ಪ್ರೆಸ್ಸಿನಿಂದ ಬಂದ ಕಟ್ಟನ್ನು ಬಿಚ್ಚಿದ್ದು ಭಾನುವಾರ, ಕಾಮಿಕ್ಸ್ ಮೇಳದ ಟೇಬಲ್ಲಿನ ಮುಂದೆಯೇ. ದೊಡ್ಡ ಹಾಲ್, ಸಾಲು ಸಾಲು ಮಡಚುವ ಟೇಬಲ್ಲು, ಪ್ರತಿ ಟೇಬಲ್ಲಿನ ಹಿಂದೆ ಅವಳಂಥದ್ದೇ ಒಂದು ಕಾತರದ ಮುಖ. ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ ಬಂದಿತ್ತು. "ನಾನಿಲ್ವೇನೇ?" ಎಂದು ಅತ್ತೆ ಕಟ್ಟನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟಿದ್ದಳು. ಬೇಡವೆನ್ನಲು ಗೀಚಮ್ಮನಿಗೆ ನೆಪವೇ ಸಿಕ್ಕಿರಲಿಲ್ಲ.

ಗೀಚಮ್ಮ ಮೊದಲ ಪ್ರತಿ ತೆರೆದಳು. ಪುಟಪುಟದಲ್ಲೂ ಪಟಪಟಿ ಬಾಯಿ ತೆರೆದು ನಿಂತಿದ್ದಾಳೆ, ಪಕ್ಕದಲ್ಲಿ ಬೆಳ್ಳಗಿನ ಮಾತಿನ ಗುಳ್ಳೆಯಿದೆ, ಒಳಗೆ ಒಂದಕ್ಷರವಿಲ್ಲ. ಎರಡನೆಯ ಪ್ರತಿಯೂ ಅದೇ, ಹತ್ತನೆಯದೂ ಅದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ ಮರೆ ಮಾಡಿಟ್ಟ ಮಾತಿನ ಪದರದ ನೆನಪು ಈಗ ಬಂತು.

ಅಷ್ಟರಲ್ಲಿ ಬಾಗಿಲು ತೆರೆದು ಜನ ಒಳಗೆ ಬಂದರು.

"ಮಾತೇ ಇಲ್ವಾ ಇದ್ರಲ್ಲಿ?"

"ಇದು... ಮೌನ ಕಾಮಿಕ್ಸು" ಎಂದಳು ಗೀಚಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಕೆಂಪಗಾಯಿತು. ಜನ "ಓಹೋ" ಎಂದು ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟರು. ಗಡ್ಡದವನೊಬ್ಬ ಮಾತ್ರ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, "ಈ ಮೌನ ತುಂಬಾ ಮಾತಾಡುತ್ತೆ ರೀ" ಎಂದು ಹೊಗಳಿ, ಕೊಳ್ಳದೆ ಹೋದ.

ಹಿಂದಿನ ಕುರ್ಚಿಯಲ್ಲಿ ಏನೋ ಕಡಿಮೆಯಾಗಿದೆ ಎನ್ನಿಸಿ ಗೀಚಮ್ಮ ತಿರುಗಿದಳು. ಕಡಿಮೆಯಾಗಿದ್ದದ್ದು ಸದ್ದು. ಅತ್ತೆ ಒಂದು ಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಪುಟ ಮಗುಚುತ್ತಿದ್ದಳು, ತುಟಿ ಅಲುಗುತ್ತಿರಲಿಲ್ಲ. ಗೀಚಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗಲೇ ಪುಟ್ಟ ಹುಡುಗಿಯೊಬ್ಬಳು ಅಮ್ಮನ ಕೈ ಬಿಡಿಸಿಕೊಂಡು ಬಂದು ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಅದರಲ್ಲಿ ಪಟಪಟಿ ಮಿಷಿನ್ನಿನ ಮುಂದೆ ಕೈಯೆತ್ತಿ ಕೂಗಾಡುತ್ತಿದ್ದಾಳೆ, ಹಿಂದೆ ಒಂದು ಗೋಡೆ. "ಇವಳೇನು ಹೇಳ್ತಿದಾಳೆ?"

ಗೀಚಮ್ಮ ಬರೆದಿದ್ದದ್ದು 'ದಾರ ತಿಂದು ತಿಂದು ನಿನಗೆ ಹೊಟ್ಟೆ ಬಂದಿದೆ, ನಾಳೆಯಿಂದ ಉಪವಾಸ!' ಎಂದು. ಅತ್ತೆ ಹಿಂದೆಯೇ ಕೂತಿರುವಾಗ ಅದನ್ನು ಹೇಳುವುದು ಹೇಗೆ?

"ಅವಳು ಮಿಷಿನ್ನನ್ನ ಬೈತಾ ಇಲ್ಲ ಪುಟ್ಟಿ" ಎಂದಳು ಅತ್ತೆ ಹಿಂದಿನಿಂದ. ಎದ್ದು ಟೇಬಲ್ಲಿಗೆ ಬಂದಳು. "ಬೈಯೋ ಹಾಗೆ ನಾಟಕ ಅಷ್ಟೇ. ಈ ಗೋಡೆ ಆಚೆ ಅವಳ ಅಣ್ಣನ ಮಗಳು ಅಳ್ತಾ ಇದಾಳೆ, ಚಿತ್ರದ ಸ್ಕೂಲಲ್ಲಿ ಸೀಟು ಕೊಡ್ಲಿಲ್ಲ ಅಂತ. ಈಚೆ ನಡುಮನೇಲಿ ಅಣ್ಣ ಕೂತಿದಾನೆ. ಅಳು ಕೇಳಿಸಿದ್ರೆ ಸಾಕು, 'ಇನ್ನು ಈ ಗೀಚಾಟ ನಿಲ್ಸು' ಅಂತ ಬಣ್ಣ ಬ್ರಷ್ಷು ಎಲ್ಲಾ ಆಚೆ ಎಸೀತಾನೆ. ಅದೇ ಸಮಯ ಕಾಯ್ತಾ ಇರೋನು ಅವನು. ಅದಕ್ಕೇ ಇವಳು ಬಾಯಿ ಮಾಡ್ತಿರೋದು. ಇವಳ ಗಲಾಟೇಲಿ ಅವಳ ಅಳು ಮುಚ್ಚಿಹೋಗ್ಲಿ ಅಂತ."

"ಅಳು ನಿಲ್ತಾ?"

"ನಿಲ್ತು. ಅಷ್ಟು ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿತ್ತು."

ಆ ಸಂಜೆ ಗೀಚಮ್ಮನಿಗೆ ಚೆನ್ನಾಗಿ ನೆನಪಿತ್ತು. ಈ ಹೆಂಗಸಿಗೆ ಇವತ್ತಾದರೂ ಬಾಯಿ ಮುಚ್ಚಲಿಕ್ಕಾಗಲ್ಲವಾ ಎಂದು ದಿಂಬು ಕಚ್ಚಿ ಶಪಿಸಿದ್ದಳು. 'ಪಟಪಟಿ' ಹುಟ್ಟಿದ್ದೇ ಆ ಸಿಟ್ಟಿನಲ್ಲಿ. ಅವಳಿಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು.

ಹುಡುಗಿಯ ಅಮ್ಮ ಚಿತ್ರವನ್ನೂ ಅತ್ತೆಯನ್ನೂ ಒಮ್ಮೆ ನೋಡಿದಳು. "ಈಗ ಹೇಳಿದ್ರಲ್ಲ, ಅದನ್ನೇ ಇಲ್ಲಿ ಬರ್ಕೊಡಿ. ಒಂದು ಪುಸ್ತಕ ಕೊಡಿ."

ಗೀಚಮ್ಮ ಪೆನ್ನು ತೆಗೆದಳು. ಅತ್ತೆ ಹೇಳುತ್ತಾ ಹೋದಳು, ಇವಳು ಗುಳ್ಳೆ ತುಂಬುತ್ತಾ ಹೋದಳು. ಅತ್ತೆಯ ದನಿಗೆ ಪಕ್ಕದ ಟೇಬಲ್ಲಿನವರೂ ಕತ್ತೆತ್ತಿದರು. "ಈ ಪುಟದಲ್ಲಿ ಏನಂತೆ?" "ನನಗೂ ಒಂದು ಬರ್ಕೊಡಿ." ಯಾರೋ ಫೋನು ಹಿಡಿದು ಚಿತ್ರ ತೆಗೆದರು, ಅದನ್ನು ನೋಡಿ ಇನ್ನಷ್ಟು ಜನ ಹುಡುಕಿಕೊಂಡು ಬಂದರು. ಗಡ್ಡದವನೂ ತಿರುಗಿ ಬಂದು, ಈ ಸಲ ಮೌನದ ಸುದ್ದಿ ಎತ್ತದೆ ಸಾಲಿನಲ್ಲಿ ನಿಂತ.

ಜನ ಕೊಂಚ ಕರಗಿದಾಗ ಅತ್ತೆ ಕೇಳಿದಳು. "ಮೊದಲು ಏನು ಬರ್ದಿದ್ದೆ ಅಲ್ಲಿ?"

ಗೀಚಮ್ಮ ಮುಚ್ಚಿಡಲಿಲ್ಲ, ದಾರದ ಜೋಕು ಹೇಳಿದಳು. ಅತ್ತೆ ಗೊಳ್ಳೆಂದು ನಕ್ಕಳು. ಆಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ನಗು ಬರೋ ಹಾಗೇ ಬರ್ದಿದೀಯ. ಆದ್ರೆ ನಾನು ಅಷ್ಟು ಪೆದ್ದಿ ಅಲ್ಲ ಕಣೇ" ಎಂದಳು.

"ನನಗೆ ಗೊತ್ತೇ ಇರ್ಲಿಲ್ಲ ಅತ್ತೆ."

"ಗೊತ್ತಾಗಬಾರದು ಅಂತ ತಾನೇ ಅಷ್ಟು ಅರಚಿದ್ದು."

ಗೀಚಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಪ್ರತಿ ಎಳೆದುಕೊಂಡಳು. ಅತ್ತೆಯ ಮಾತಿಗೆ ಆ ಗುಳ್ಳೆ ಎಲ್ಲಿ ಸಾಕಾದೀತು! ಅಕ್ಷರ ಗುಳ್ಳೆ ದಾಟಿ, ಚೌಕಟ್ಟು ದಾಟಿ, ಪುಟದ ಅಂಚಿನ ಖಾಲಿ ಜಾಗಕ್ಕೆ ಬಂತು. ಅಲ್ಲಿ, ಗೋಡೆಯ ಆಚೆ, ದಿಂಬು ಅವುಚಿಕೊಂಡು ಕೂತ ಹುಡುಗಿಯೊಬ್ಬಳನ್ನು ಪುಟ್ಟದಾಗಿ ಬರೆದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಮೂಗು ಇಷ್ಟು ದಪ್ಪ ಇರ್ಲಿಲ್ಲ ನಿಂದು."

"ಅತ್ತು ಅತ್ತು ಊದ್ಕೊಂಡಿತ್ತು."

"ಹಾಗಾದ್ರೆ ಸರಿಯಾಗೇ ಬರ್ದಿದೀಯ" ಎಂದು ಅತ್ತೆ ಮುಂದಿನ ಪ್ರತಿಯನ್ನು ಬಿಡಿಸಿ ಅವಳ ಮುಂದಿಟ್ಟಳು.