ಬಾಣ ಕೂರುವ ಗಿಣ್ಣು

ತಡಸಲು ಮರಕ್ಕೆ ಏಳು ಜನ ಹೆಣ್ಣುಮಕ್ಕಳಂತೆ. ಆರು ಮಂದಿ ಹೂವಾಗಿ ಉದುರಿಹೋದರಂತೆ. ಏಳನೆಯವಳು ಮಾತ್ರ, ಬಗ್ಗುತ್ತೇನೆ ಆದರೆ ಮುರಿಯೋದಿಲ್ಲ ಎಂದು ಹಟ ಹಿಡಿದು ಬಿಲ್ಲಾಗಿ ಈ ಮನೆಗೆ ಸೊಸೆಯಾಗಿ ಬಂದಳಂತೆ. ಅಜ್ಜಿ ಚಿಕ್ಕಮುನಿಯಮ್ಮ ಹೇಳುತ್ತಿದ್ದ ಈ ಕಥೆಯನ್ನು ದೀಪಶ್ರೀ ಇಪ್ಪತ್ತಮೂರು ತುಂಬಿದರೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದಿನ ಮೂರಂತಸ್ತಿನ ಮನೆಯಲ್ಲಿ, ದೇವರಕೋಣೆಯ ಅಟ್ಟದ ಮೇಲೆ, ಆ ಸೊಸೆ ವರ್ಷವಿಡೀ ಕೆಂಪು ರವಿಕೆಬಟ್ಟೆ ಹೊದ್ದು ಮಲಗಿರುತ್ತಿದ್ದಳು. ವಿಜಯದಶಮಿಯ ಸಂಜೆ ಎದ್ದು, ಬನ್ನಿಮರದ ಎದುರು ನೆಟ್ಟ ಬಾಳೆಕಂಬಕ್ಕೆ ಬಾಣ ನೆಟ್ಟು ಬಂದು ಮತ್ತೆ ಮಲಗುತ್ತಿದ್ದಳು.

ನಲವತ್ತೊಂದು ವರ್ಷ ಆ ಬಾಣ ಬಿಟ್ಟವರು ತಾತ ಆಂಜಿನಪ್ಪ. ಈ ಸಲ ಅವರ ಬಲಭುಜ ಹಿಡಿದುಕೊಂಡು ಬಾಚಣಿಗೆಯೂ ತಲೆಗೇರದಂತಾಗಿತ್ತು. ಊರಿನ ಕಟ್ಟಳೆ ಮೂರು ಬಾಣಗಳದ್ದು. ಮೂರೂ ತಪ್ಪಿದರೆ ಬಿಲ್ಲು ಎದುರು ಬೀದಿಯ ಶ್ರೀಧರನ ಮನೆಗೆ ಹೋಗಬೇಕು. ಆ ಮನೆಯವರ ಗುರಿ ತಪ್ಪುವವರೆಗೆ ಅಲ್ಲೇ ಇರಬೇಕು. ಶ್ರೀಧರ ಆಗಲೇ ಗೋಡೆಗೆ ಎರಡು ಗೂಟ ಹೊಡೆಸಿದ್ದಾನೆ ಎಂಬ ಸುದ್ದಿ ಹಾಲಿನವನ ಬಾಯಲ್ಲಿ ಬಂತು. ದೀಪಶ್ರೀಯ ಅಣ್ಣ ಲಿಖಿತ್, ತನಗೆ ಇದೆಲ್ಲ ಬರೋದಿಲ್ಲ ಎಂದು ಮೊಬೈಲಿನಿಂದ ತಲೆಯೆತ್ತದೆ ಹೇಳಿದ. ನಾನು ಬಿಡುತ್ತೇನೆ ಎಂದಳು ದೀಪಶ್ರೀ.

ಮನೆಯವರೆಲ್ಲ ಅವಳತ್ತ ತಿರುಗಿದರು. ಅವಳೋ ಪ್ಲೇಹೋಮಿನ ಮಕ್ಕಳಿಗೆ ಕಥೆ ಹೇಳುತ್ತ ತಾನೇ ಕಥೆಯೊಳಗೆ ಕಳೆದುಹೋಗಿ ಊಟದ ಗಂಟೆ ಮರೆಯುವವಳು, ಸಾಲದ್ದಕ್ಕೆ ಎಡಚಿ.

"ಬಿಡ್ಲಿ ಬಿಡ್ರಿ," ಎಂದಳು ಅಜ್ಜಿ. "ಬಿಲ್ಲು ಸೊಸೆ, ಬಿಡೋಳು ಮೊಮ್ಮಗಳು. ಮಧ್ಯೆ ಗಂಡಸ್ರುದೇನೈತೆ?"

ತಾರಸಿಯ ಮೇಲೆ ಹುಲ್ಲು ತುಂಬಿದ ಗೋಣಿಚೀಲ ನಿಲ್ಲಿಸಿ ಅಭ್ಯಾಸ ಶುರುವಾಯಿತು. ಹಳೆಯ ಕಾಲದ ಆ ಬಿಲ್ಲಿನಲ್ಲಿ ಬಾಣ ಕೂರಲು ಒಂದು ಅಂಚೂ ಇರಲಿಲ್ಲ. ಹಿಡಿದ ಮುಷ್ಟಿಯ ಮೇಲೇ ಅದು ಕೂರಬೇಕು. ದೀಪಶ್ರೀಯ ನುಣುಪು ಮುಷ್ಟಿಯಿಂದ ಬಾಣ ಪ್ರತಿ ಸಲವೂ ಜಾರಿತು, ಬಿಟ್ಟಾಗ ಗರಿ ಬೆರಳನ್ನು ಗೀರಿತು. ಒಂದು ಬಾಣ ಪಕ್ಕದ ಮನೆಯ ಭಾಗ್ಯಮ್ಮ ಒಣಹಾಕಿದ್ದ ಹಪ್ಪಳದ ನಡುವೆ ನಾಟಿತು. ಭಾಗ್ಯಮ್ಮ ಬಾಣವನ್ನೂ ತೂತಾದ ಹಪ್ಪಳವನ್ನೂ ಒಟ್ಟಿಗೆ ತಂದುಕೊಟ್ಟು, ಇದನ್ನ ನೀವೇ ಕರಿದುಕೊಳ್ಳಿ ಎಂದು ಹೇಳಿ ಹೋದಳು.

ನಾಲ್ಕನೆಯ ದಿನ ದೀಪಶ್ರೀ ತಾತನನ್ನು ತಾರಸಿಗೆ ಕರೆತಂದು, ಎಳೆಯೋದು ಬೇಡ, ಬರೀ ಹಿಡಿದು ತೋರಿಸು ಎಂದಳು. ಆಂಜಿನಪ್ಪ ಎಡಗೈಯಲ್ಲಿ ಬಿಲ್ಲು ಹಿಡಿದು ಬಾಣವಿಟ್ಟರು. ಅದು ಕೊಂಬೆಯ ಮೇಲಿನ ಹಕ್ಕಿಯ ಹಾಗೆ ಕೂತಿತು. ದೀಪಶ್ರೀ ಬಗ್ಗಿ ನೋಡಿದಳು. ತೋರುಬೆರಳಿನ ಬುಡದಲ್ಲಿ ನೆಲ್ಲಿಕಾಯಿಯಷ್ಟು ದಪ್ಪ ಗಿಣ್ಣು. ಹದಿನೆಂಟರ ಹರೆಯದಲ್ಲಿ ಬಾವಿಯ ರಾಟೆಗೆ ಸಿಕ್ಕಿ ಮುರಿದ ಮೂಳೆ ನಾಟಿಕಟ್ಟಿನಲ್ಲಿ ಸೊಟ್ಟಗೇ ಕೂಡಿತ್ತು. ಊರು ಇಷ್ಟು ವರ್ಷ ತಾತನ ಕಣ್ಣನ್ನು ಹೊಗಳಿತ್ತು. ಬಾಣವನ್ನು ಹೊತ್ತದ್ದು ಈ ಸೊಟ್ಟ ಗಿಣ್ಣು.

"ತಾತ, ಈ ಗಿಣ್ಣು ನಂಗೆ ಬೇಕು."

"ಕುಯ್ಕೊಂಡೋಗು," ಎಂದು ಆಂಜಿನಪ್ಪ ಕೈ ಚಾಚಿದರು.

ಮೇಲಿನ ರೂಮಿನ ಬಾಡಿಗೆದಾರ ಸಂಗಮೇಶ್ ಗದಗಿನ ಕಡೆಯವನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡುವ ಕೆಲಸ. ಬಿಲ್ಲಿಗೆ ಅಂಥದೊಂದು ಗಿಣ್ಣು ಮಾಡಿಕೊಡಲು ದೀಪಶ್ರೀ ಅವನನ್ನು ಕೇಳಿದಳು. ಬಿಲ್ಲಿನಲ್ಲೇ ಒಂದು ಮೆಟ್ಟಿಲು ಕೊರೆದರೆ ಹತ್ತು ನಿಮಿಷದ ಕೆಲಸ ಎಂದು ಲಿಖಿತ್ ಬಾಯಿ ಹಾಕಿದ.

"ಕೊರದ್ರ ಅಲ್ಲೇ ಮುರೀತೈತ್ರಿ," ಎಂದ ಸಂಗಮೇಶ್, ಬಿಲ್ಲನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು. "ಕಳೀಬಾರ್ದು. ಕೂಡಸಬೇಕು."

ತಾತ ಒಪ್ಪಲಿಲ್ಲ. ಮೂರು ತಲೆಮಾರಿನ ಬಿಲ್ಲಿಗೆ ಗೋಂದು ಮೆತ್ತುವುದೇ ಎಂದು ಮುಖ ತಿರುಗಿಸಿ ಕೂತರು. ಮನೆಯ ಸೊಸೆ ಒಂದು ಮೂಗುಬೊಟ್ಟು ಹಾಕಿಸಿಕೊಂಡರೆ ಮಾನ ಹೋಗುತ್ತದೆಯೇ ಎಂದು ಅಜ್ಜಿ ಕೇಳಿದಳು. ತನಗೆ ಕೊಡಿಸುತ್ತೇನೆಂದು ಹೇಳಿ ಮರೆತ ಮೂಗುಬೊಟ್ಟಿನ ವಿಷಯ ಅವಳು ಎತ್ತುವ ಮೊದಲೇ ತಾತ ಹೂಂ ಎಂದರು.

ಗಟ್ಟಿಯಾಗಿ ಕಲಸಿದ ರಾಗಿಹಿಟ್ಟನ್ನು ತಾತನ ಗಿಣ್ಣಿಗೆ ಒತ್ತಿ ಸಂಗಮೇಶ್ ಅಚ್ಚು ತೆಗೆದ. ಅದನ್ನು ನೋಡಿ ಹುಣಸೆಮರದ ತುಂಡಿನಲ್ಲಿ ಗುಂಡನೆಯ ಗಿಣ್ಣು ಕೆತ್ತಿದ. ಅಳತೆಪಟ್ಟಿ ಹಿಡಿದು ಬಿಲ್ಲಿನ ನಟ್ಟನಡುವೆ ಹುಡುಕಿ, ಅಂಟು ಹಚ್ಚಿ, ದಾರ ಸುತ್ತಿ, ಎರಡು ದಿನ ಯಾರೂ ಮುಟ್ಟಬಾರದು ಎಂದ. ಯಾರೂ ಮುಟ್ಟಲಿಲ್ಲ. ನಿಮಿಷಕ್ಕೊಮ್ಮೆ ಹೋಗಿ ನೋಡಿದರು, ಅಷ್ಟೇ.

ಆಯುಧಪೂಜೆಯ ಬೆಳಿಗ್ಗೆ ದಾರ ಬಿಚ್ಚಿದರು. ದೀಪಶ್ರೀ ಬಲಗೈಯಲ್ಲಿ ಬಿಲ್ಲು ಹಿಡಿದು ಎಡಗೈಯಲ್ಲಿ ಬಾಣ ತಂದಳು. ಗಿಣ್ಣು ಬಿಲ್ಲಿನ ಆಚೆ ಬದಿಯಲ್ಲಿತ್ತು.

ಅಳತೆ ಕೊಟ್ಟದ್ದು ತಾತನ ಎಡಗೈ, ಅಂಟಿಸಿದ್ದು ಎಡಬದಿಗೆ. ಎಡಗೈಯಲ್ಲಿ ಎಳೆಯುವವಳಿಗೆ ಅದು ಬಲಬದಿಯಲ್ಲಿರಬೇಕಿತ್ತು. ಅವಳು ಎಡಚಿ ಎಂದು ಹುಟ್ಟಿದಾಗಿನಿಂದ ರೇಗಿಸಿದ ಮನೆಯಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಕಿತ್ತರೆ ಮರದ ಸಿಪ್ಪೆಯೂ ಎದ್ದು ಬರುತ್ತದೆ ಎಂದ ಸಂಗಮೇಶ್, ಮುಖ ಸಣ್ಣದು ಮಾಡಿಕೊಂಡು. ದೀಪಶ್ರೀಯ ಕಣ್ಣೆದುರು ಶ್ರೀಧರನ ಎರಡು ಗೂಟಗಳು ಬಂದು ನಿಂತವು.

ಅಜ್ಜಿ ಹೂಬತ್ತಿ ಕೆಳಗಿಟ್ಟು ಎದ್ದು ಬಂದಳು. ಬಿಲ್ಲನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು, ಮೇಲಿನ ತುದಿ ಕೆಳಗೆ ಮಾಡಿ, ತಿರುಗಿಸಿ ಕೊಟ್ಟಳು. ಗಿಣ್ಣು ಈಗ ಬಲಬದಿಗೆ ಬಂತು. ಗುಂಡಗಿದ್ದುದರಿಂದ ಅದಕ್ಕೆ ಮೇಲಿಲ್ಲ, ಕೆಳಗಿಲ್ಲ. ನಡುವಿನಲ್ಲಿದ್ದುದರಿಂದ ಎತ್ತರವೂ ಬದಲಾಗಲಿಲ್ಲ.

ತಾತ ಬೆಚ್ಚಿಬಿದ್ದರು. ಕುಂಕುಮವಿಟ್ಟ ತುದಿ ನೆಲ ನೋಡುತ್ತಿತ್ತು. "ಅಮ್ಮನ್ನ ತಲೆಕೆಳಗು ಮಾಡ್ತೀಯೇನೇ?"

"ತಲೆ ಯಾವ್ದು ಅಂತ ಯೋಳಿದ್ಯಾರು? ಮದ್ವೆಯಾಗ್ ಬಂದ್ ವರ್ಸ ನಿಮ್ಮವ್ವ ಕುಂಕುಮ ಇಡು ಅಂದ್ಳು. ಕೈಗ್ ಸಿಕ್ಕಿದ್ ತುದಿಗೆ ಇಟ್ಟೆ." ಅಜ್ಜಿ ಸೆರಗಿನಿಂದ ಕುಂಕುಮ ಒರೆಸಿ ಇನ್ನೊಂದು ತುದಿಗೆ ಹಚ್ಚಿದಳು. "ತಕ, ಈಗ ಇದು ತಲೆ."

ಬನ್ನಿಮರ ಈಗ ಅಪಾರ್ಟ್‌ಮೆಂಟೊಂದರ ಪಾರ್ಕಿಂಗಿನೊಳಗಿದೆ. ಮರುದಿನ ಸಂಜೆ ಸೆಕ್ಯೂರಿಟಿಯವನು ರಿಜಿಸ್ಟರಿನಲ್ಲಿ 'ಬಿಲ್ಲು ಒಂದು, ಬಾಣ ಮೂರು, ಜನ ಜಾಸ್ತಿ' ಎಂದು ಬರೆದುಕೊಂಡು ಗೇಟು ತೆರೆದ. ಬಾಲ್ಕನಿಗಳ ತುಂಬ ಮೊಬೈಲುಗಳು ಎದ್ದುನಿಂತವು. ಶ್ರೀಧರ ಇಸ್ತ್ರಿ ಮಾಡಿದ ಪಂಚೆಯುಟ್ಟು ಮುಂದಿನ ಸಾಲಿನಲ್ಲೇ ಇದ್ದ.

ದೀಪಶ್ರೀ ಮೊದಲ ಬಾಣ ಎಳೆದಳು. ಅದು ಜಾರಲಿಲ್ಲ. ಕೂತೇ ಇತ್ತು. ಕೂತಿದೆಯಲ್ಲ, ಎಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದು ನೋಡುತ್ತ ನೋಡುತ್ತ ಬಿಡುವುದನ್ನೇ ಮರೆತಳು. ತೋಳು ಸೋತು ಹೆದೆ ಕೈಜಾರಿತು, ಬಾಣ ಕಂಬದ ಎದುರಿನ ನೆಲಕ್ಕೆ ಬಿತ್ತು. ಜನ ಅಯ್ಯೋ ಎಂದರು. ಶ್ರೀಧರ ಮೀಸೆ ಸವರಿಕೊಂಡ.

ಎರಡನೆಯದಕ್ಕೆ ಅವಳು ಬಾಣ ನೋಡಲಿಲ್ಲ, ಬಾಳೆ ನೋಡಿದಳು. ಥಪ್ ಎಂದಿತು. ಕಂಬದ ಎದೆಯಿಂದ ನೀರು ಚಿಮ್ಮಿ ಮುಂದಿನ ಸಾಲಿನ ಪಂಚೆಗೆ ಸಿಡಿಯಿತು.

ಆಮೇಲಿನ ಗಲಾಟೆಯಲ್ಲಿ ತಮಟೆಯ ಸದ್ದೂ ಕೇಳಿಸಲಿಲ್ಲ. ಶ್ರೀಧರ ಪಂಚೆ ಒರೆಸಿಕೊಳ್ಳುತ್ತ ಬಂದು ಗಿಣ್ಣನ್ನು ಮುಟ್ಟಿ ನೋಡಿ, ಇದು ಕಟ್ಟಳೆಯಲ್ಲಿ ಇದೆಯಾ ಎಂದು ಕೇಳಿದ. ಕಟ್ಟಳೆ ಬಾಣ ಎಷ್ಟು ಅಂತ ಹೇಳುತ್ತದೆ, ಎಲ್ಲಿ ಕೂರಬೇಕು ಅಂತ ಹೇಳುವುದಿಲ್ಲ ಎಂದರು ಆಂಜಿನಪ್ಪ. ಶ್ರೀಧರ ನಕ್ಕುಬಿಟ್ಟ. ತನ್ನ ಮಗಳು ನಿವೇದಿತಾಳಿಗೂ ಕಲಿಸಿಕೊಡು ಎಂದು ದೀಪಶ್ರೀಗೆ ಹೇಳಿದ.

ಮೂರನೆಯ ಬಾಣ ಕೈಯಲ್ಲೇ ಉಳಿದಿತ್ತು. ಈಗ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.

"ತಾತ, ಇದೊಂದ್ ಬಿಡ್ಲಾ? ಸುಮ್ನೆ?"

"ಬಿಡು ಮಗ," ಎಂದರು ಆಂಜಿನಪ್ಪ. "ಬ್ಯಾಡ ಅನ್ನೋರ್ಯಾರು."