ಎಡಗೈಗಾಗಿ ಬಿಸಿನೀರ ಬುಗ್ಗೆಗೆ

ಹೋದ ವರ್ಷ ನನ್ನ ಹೆಂಡತಿ ಕಲ್ಲಮ್ಮನಿಗೆ ಸಣ್ಣಗೆ ಲಕ್ವ ಹೊಡೆಯಿತು. ಬಾಯಿ, ಕಾಲು ಸರಿಹೋದವು. ಎಡಗೈಯೂ ಆಡುತ್ತದೆ, ಹಿಡಿಯುತ್ತದೆ. ಆದರೆ ಬಿಸಿ, ತಂಪು, ಒದ್ದೆ ಒಂದೂ ಅದಕ್ಕೆ ತಿಳಿಯುವುದಿಲ್ಲ. ರೊಟ್ಟಿ ತಿರುವುವಾಗ ಬೆರಳು ಸುಟ್ಟಿದ್ದು ಅವಳಿಗೆ ಗೊತ್ತಾದದ್ದು ವಾಸನೆ ಬಂದ ಮೇಲೆ.

ಆವತ್ತಿನಿಂದ ನನಗೆ ಹಠ ಹಿಡಿಯಿತು. ದಾವಣಗೆರೆ, ಶಿವಮೊಗ್ಗದ ಡಾಕ್ಟರುಗಳು, ಎಣ್ಣೆ ತಿಕ್ಕುವವರು, ಬೇರು ಕೊಡುವವರು, ಯಾರನ್ನೂ ಬಿಡಲಿಲ್ಲ. ನಾನು ಹೊನ್ನಾಳಿ ಸುತ್ತ ಅಡಿಕೆ ತೋಟಗಳ ಖೇಣಿ ಹಿಡಿಯುವವನು, ಕಾಯಿ ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಳ್ಳುವವನು. ಫಸಲು ಕಣ್ಣಂದಾಜಿನಲ್ಲಿ ಹೇಳುತ್ತೇನೆ, ತಪ್ಪುವುದು ಅಪರೂಪ. ಕೈ ಬಂದೇ ಬರುತ್ತದೆ ಅನ್ನುವುದೂ ನನ್ನ ಅಂದಾಜೇ ಆಗಿತ್ತು.

ಹೊಳೆಯ ನಡುಗಡ್ಡೆಯಲ್ಲಿ ಬಿಸಿನೀರ ಬುಗ್ಗೆ ಇದೆಯೆಂದು ಯಾರೋ ಹೇಳಿದ್ದೇ ತಡ, ಗೋವಿನಕೋವಿ ಊರಿನ ದಡದಲ್ಲಿ ಅವಳನ್ನು ತೆಪ್ಪ ಹತ್ತಿಸಿದೆ. ತೆಪ್ಪದ ಪರಶುರಾಮ್ ಹುಟ್ಟು ಹಾಕುತ್ತಾ, "ನೀರು ಬಿಸಿ ಐತೆ ಯಜಮಾನ್ರೆ. ವಾಸಿ ಆಗ್ತೈತೆ ಅಂತ ಮಾತ್ರ ನಾನು ಹೇಳಲ್ಲ" ಅಂದ. ಯಾರು ಕೇಳಿದ್ದರು ಇವನನ್ನ? ಮುಖ ಗಂಟಿಕ್ಕಿಕೊಂಡು ಕೂತೆ. ಕಲ್ಲಮ್ಮ ಮಾತ್ರ ಬಂಡೆ ಮೇಲೆ ಬಿಸಿಲು ಕಾಯುತ್ತಿದ್ದ ನೀರುನಾಯಿಗಳನ್ನು ನೋಡಿ ಮಗುವಿನಂತೆ ನಕ್ಕಳು.

ಗಡ್ಡೆಯಲ್ಲಿ ಮನೆಮಠ ಇಲ್ಲ. ಲಕ್ಕಿ ಪೊದೆ, ಮುತ್ತುಗದ ಮರ, ಮರಳು. ಪರಶುರಾಮ್ ತೆಪ್ಪದ ಹತ್ತಿರವೇ ಉಳಿದ. ಪೊದೆ ಸರಿಸಿಕೊಂಡು ಹೋದರೆ ಕಲ್ಲುಗಳ ನಡುವೆ ಪುಟ್ಟ ಹೊಂಡ, ಮೇಲೆ ತೆಳ್ಳಗೆ ಹಬೆ. ನೀರಿಗೆ ಕೈಹಾಕಿ ನೋಡಿದೆ. ಸ್ನಾನದ ನೀರಿನ ಹದ.

"ಕಣ್ಣು ಮುಚ್ಚು, ಕೈ ಎರಡೂ ಇಲ್ಲಿ ಕೊಡು" ಅಂದೆ. ಡಾಕ್ಟರು ಪರೀಕ್ಷೆ ಮಾಡುತ್ತಿದ್ದದ್ದು ಹಾಗೆಯೇ. ಬಲಗೈ ಮುಳುಗಿಸಿದೆ. ಎಡಗೈ ಮುಳುಗಿಸಲು ಹೋದವನು ನಿಂತೆ. ಇಲ್ಲೂ ಆಗದಿದ್ದರೆ? ಮುಂದೆ ಎಲ್ಲಿಗೆ? ಆ ಕೈಯನ್ನು ನೀರಿಗೆ ತಾಗಿಸದೆ ಮೇಲೆಯೇ ಹಿಡಿದುಕೊಂಡೆ.

"ಹೂಂ ಕಣ್ರೀ, ಗೊತ್ತಾಗ್ತೈತೆ!" ಅಂದಳು ಕಲ್ಲಮ್ಮ. "ಎಡಗೈಗೂ ಬೆಚ್ಚಗೈತೆ. ಸರಿಹೋತು ನೋಡ್ರಿ."

"ಕಣ್ಣು ಬಿಡು" ಅಂದೆ.

ನೀರಿನ ಮೇಲೆ, ಒದ್ದೆಯೇ ಆಗದ ತನ್ನ ಎಡಗೈ ನೋಡಿ ಅವಳ ಮುಖ ಸಣ್ಣದಾಯಿತು.

"ಸುಳ್ಳು ಯಾಕೆ ಹೇಳ್ದೆ ಕಲ್ಲಮ್ಮ?"

"ಇಲ್ಲ ಅಂದ್ರೆ ನಾಳೆ ಇನ್ನೊಂದು ಊರಿಗೆ ಬಸ್ ಹತ್ತಿಸ್ತೀರಿ. ಹೋದಲ್ಲೆಲ್ಲ ನಿಮ್ಮ ಮುಖ ಬಾಡೋದು ನೋಡಾಕೆ ನನ್ ಕೈಲಿ ಆಗಲ್ರೀ. ಕೈಗೆ ಆಗಿದ್ದು ಆಗೋತು. ನಾನು ಇದೀನಲ್ಲ, ಸಾಲದೇನ್ರಿ?"

ನನಗೆ ಅಳು ಬಂತು. ಹಬೆಗೆ ಕಣ್ಣಲ್ಲಿ ನೀರು ಬಂತು ಅಂತ ನೆಪ ಹೇಳುವ ಮನಸ್ಸೂ ಆಗಲಿಲ್ಲ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ಅವಳು ಸುಮ್ಮನೆ ನೀರು ಆಡಿಸುತ್ತಿದ್ದಳು.

ನಾನು ಕೇಳಿದೆ, "ನೀರು ಹೆಂಗೈತೆ?"

"ಬಲಗೈಗೆ ಭಾಳ ಹಿತವಾಗೈತೆ ಕಣ್ರೀ" ಅಂದಳು. "ಒಂದು ವರ್ಷದಿಂದ ಈ ಕೈನ ಯಾರೂ ವಿಚಾರಿಸಿರಲೇ ಇಲ್ಲ."